ಮೂರು ದ್ವೀಪ, ಒಂದೇ ಉತ್ತರ, ಎರಡು ಫಲ: ಬೀಗಲ್ ಕಾಲುವೆ ವಿವಾದ ಮತ್ತು ವ್ಯಾಟಿಕನ್ ಸಂಧಾನ

1977ರ ಮೇ 2ರಂದು ಪ್ರಕಟವಾದ ತೀರ್ಪೊಂದು ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿರುವ ಮೂರು ದ್ವೀಪಗಳು ಚಿಲಿಗೆ ಸೇರಿದವು ಎಂದು ಹೇಳಿತು. ಇಪ್ಪತ್ತು ತಿಂಗಳು ಕಳೆಯುವುದರೊಳಗೆ ಅರ್ಜೆಂಟೀನಾದ ಯುದ್ಧನೌಕೆಗಳು ಆ ದ್ವೀಪಗಳತ್ತ ಹೊರಟಿದ್ದವು. 1984ರ ನವೆಂಬರ್ 29ರಂದು ವ್ಯಾಟಿಕನ್‌ನಲ್ಲಿ ಸಹಿ ಬಿದ್ದ ಒಪ್ಪಂದವೂ ಅದೇ ಮೂರು ದ್ವೀಪಗಳನ್ನು ಅದೇ ಚಿಲಿಗೆ ಬಿಟ್ಟಿತು. ಆದರೆ ಈ ಸಲ ಅರ್ಜೆಂಟೀನಾದಲ್ಲಿ ಜನರ ಅಭಿಪ್ರಾಯ ಕೇಳಿದಾಗ, ಮತ ಹಾಕಿದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಹೌದು ಎಂದರು.

ಉತ್ತರ ಒಂದೇ. ಒಮ್ಮೆ ಅದು ಯುದ್ಧದ ಅಂಚಿಗೆ ಒಯ್ದಿತು, ಇನ್ನೊಮ್ಮೆ ಶಾಂತಿಗೆ ತಂದು ನಿಲ್ಲಿಸಿತು. ಗಡಿ ವಿವಾದಗಳಲ್ಲಿ ಯಾವುದು ಸರಿಯಾದ ಗೆರೆ ಎಂಬ ಪ್ರಶ್ನೆಗೇ ನಾವು ಎಲ್ಲ ಗಮನವನ್ನೂ ಕೊಡುತ್ತೇವೆ. ಸೋತವನು ಆ ಗೆರೆಯನ್ನು ತನ್ನ ಜನರ ಮುಂದೆ ಹೇಗೆ ಒಪ್ಪಿಕೊಳ್ಳಬೇಕು ಎಂಬುದು ಅಷ್ಟೇ ದೊಡ್ಡ ಪ್ರಶ್ನೆ, ಬಹುಶಃ ಅದಕ್ಕಿಂತ ದೊಡ್ಡದು ಎಂದು ಈ ಪ್ರಕರಣ ಓದಿದಷ್ಟೂ ನನಗೆ ಖಚಿತವಾಗಿದೆ. ಹಾಗಾಗಿ ಇಲ್ಲಿ ನಕ್ಷೆಗಿಂತ ಹೆಚ್ಚಾಗಿ ಆ ಎರಡು ಉತ್ತರಗಳ ನಡುವಿನ ಏಳು ವರ್ಷಗಳನ್ನು ಬಿಡಿಸಿ ನೋಡುತ್ತೇನೆ.

ವಿವಾದದ ಬೇರು

ಅರ್ಜೆಂಟೀನಾ ಮತ್ತು ಚಿಲಿ ನಡುವೆ 5,300 ಕಿಲೋಮೀಟರ್‌ನಷ್ಟು ಉದ್ದದ ಗಡಿಯಿದೆ. ಅದರ ಬಹುಭಾಗ ಆಂಡೀಸ್ ಪರ್ವತಗಳ ಮೇಲೆ ಹಾದುಹೋಗುತ್ತದೆ. ದಕ್ಷಿಣಕ್ಕೆ ಇಳಿದಂತೆ ಪರ್ವತ ಚೂರುಚೂರಾಗಿ ಸಮುದ್ರಕ್ಕೆ ಬೀಳುತ್ತದೆ. ಅಲ್ಲಿ ಟಿಯೆರಾ ಡೆಲ್ ಫ್ಯೂಗೊ ಎಂಬ ದೊಡ್ಡ ದ್ವೀಪ, ಅದರ ಕೆಳಗೆ ನವಾರಿನೊ ದ್ವೀಪ, ಇವೆರಡರ ನಡುವೆ ಪೂರ್ವ ಪಶ್ಚಿಮವಾಗಿ ಚಾಚಿಕೊಂಡ ಬೀಗಲ್ ಕಾಲುವೆ. ಹೆಸರಿಗೆ ಕಾಲುವೆ, ಅದು ಪ್ರಕೃತಿಯೇ ಕೊರೆದ ಜಲಮಾರ್ಗ. ಉತ್ತರ ದಡದಲ್ಲಿ ಅರ್ಜೆಂಟೀನಾದ ಉಶುವಾಯಿಯಾ ಪಟ್ಟಣ, ದಕ್ಷಿಣ ದಡದಲ್ಲಿ ಚಿಲಿಯ ಪೋರ್ಟೊ ವಿಲಿಯಮ್ಸ್. ಕಾಲುವೆ ಅಟ್ಲಾಂಟಿಕ್ ಸಾಗರಕ್ಕೆ ತೆರೆದುಕೊಳ್ಳುವ ಪೂರ್ವದ ಬಾಯಲ್ಲಿ ಪಿಕ್ಟನ್, ಲೆನಾಕ್ಸ್, ನುಯೆವಾ ಎಂಬ ಮೂರು ದ್ವೀಪಗಳಿವೆ. ಒಂದೊಂದೂ ನೂರು ಚದರ ಕಿಲೋಮೀಟರ್ ದಾಟುವಷ್ಟು ದೊಡ್ಡದು. ಚಳಿ, ಗಾಳಿ, ಮಳೆಯ ಜಾಗ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಲೆನಾಕ್ಸ್‌ನಲ್ಲಿ ಚಿನ್ನ ಸಿಗುತ್ತದೆಂದು ಒಂದಿಷ್ಟು ಜನ ಮುಗಿಬಿದ್ದದ್ದು ಬಿಟ್ಟರೆ ಅಲ್ಲಿ ಜನವಸತಿ ಯಾವತ್ತೂ ವಿರಳವೇ.

1881ರ ಗಡಿ ಒಪ್ಪಂದ ಈ ಪ್ರದೇಶವನ್ನು ಎರಡು ಮಾತಿನಲ್ಲಿ ಹಂಚಿತ್ತು. ಬೀಗಲ್ ಕಾಲುವೆಯ ದಕ್ಷಿಣಕ್ಕೆ, ಖಂಡದ ದಕ್ಷಿಣ ತುದಿಯ ಭೂಶಿರವಾದ ಕೇಪ್ ಹಾರ್ನ್‌ವರೆಗೆ ಇರುವ ದ್ವೀಪಗಳೆಲ್ಲ ಚಿಲಿಗೆ. ಟಿಯೆರಾ ಡೆಲ್ ಫ್ಯೂಗೊದ ಪೂರ್ವಕ್ಕೆ ಅಟ್ಲಾಂಟಿಕ್‌ನಲ್ಲಿರುವ ದ್ವೀಪಗಳು ಅರ್ಜೆಂಟೀನಾಕ್ಕೆ. ಕಾಗದದ ಮೇಲೆ ಸ್ಪಷ್ಟವಾಗಿಯೇ ಇದೆ. ತೊಡಕೆಲ್ಲ ಆ ಮೂರು ದ್ವೀಪಗಳ ಹತ್ತಿರ. ಕಾಲುವೆ ನೇರವಾಗಿ ಪೂರ್ವಕ್ಕೆ ಹರಿದು ಅವುಗಳ ಉತ್ತರದಲ್ಲಿ ಹಾದುಹೋಗುತ್ತದೆ, ಆದ್ದರಿಂದ ಮೂರೂ ದ್ವೀಪಗಳು ದಕ್ಷಿಣದವು ಎಂದು ಚಿಲಿ ವಾದಿಸಿತು. ಕಾಲುವೆ ನವಾರಿನೊ ದ್ವೀಪವನ್ನು ಬಳಸಿಕೊಂಡು ದಕ್ಷಿಣಕ್ಕೆ ತಿರುಗುತ್ತದೆ, ಆದ್ದರಿಂದ ಮೂರೂ ಪೂರ್ವದವು, ಅಂದರೆ ಅಟ್ಲಾಂಟಿಕ್‌ನವು ಎಂದು ಅರ್ಜೆಂಟೀನಾ ವಾದಿಸಿತು. ನೀರಿನ ಹಾದಿಯೊಂದು ಎಲ್ಲಿ ತಿರುಗುತ್ತದೆ ಎಂಬುದರ ಮೇಲೆ ಎರಡು ದೇಶಗಳ ಮಾನ ನಿಂತಿತು.

1893ರಲ್ಲಿ ಇನ್ನೊಂದು ಪೂರಕ ಒಪ್ಪಂದವಾಯಿತು. ಚಿಲಿ ಅಟ್ಲಾಂಟಿಕ್ ಕಡೆಗೆ ಯಾವುದೇ ಜಾಗ ಕೇಳುವಂತಿಲ್ಲ, ಅರ್ಜೆಂಟೀನಾ ಪೆಸಿಫಿಕ್ ಕಡೆಗೆ ಕೇಳುವಂತಿಲ್ಲ ಎಂದು ಅದರಲ್ಲಿತ್ತು. ಅರ್ಜೆಂಟೀನಾದ ಮಟ್ಟಿಗೆ ಇದು ಬರೀ ಷರತ್ತಾಗಿ ಉಳಿಯಲಿಲ್ಲ. ಒಂದು ಸಾಗರ ನಮ್ಮದು, ಇನ್ನೊಂದು ಅವರದು ಎಂಬ ರಾಷ್ಟ್ರೀಯ ನಂಬಿಕೆಯಾಗಿ ಬೆಳೆಯಿತು. ಮುಂದೆ ಸಂಧಾನಕಾರರು ಬಿಡಿಸಬೇಕಾಗಿ ಬಂದದ್ದು ಈ ನಂಬಿಕೆಯ ಗಂಟನ್ನೇ. ದ್ವೀಪ ಚಿಲಿಯದಾದರೆ, ಸಮುದ್ರದ ಕಾನೂನಿನ ಪ್ರಕಾರ ಅದರ ಸುತ್ತಲಿನ 200 ನಾಟಿಕಲ್ ಮೈಲಿ ಸಮುದ್ರದ ಸಂಪತ್ತಿನ ಹಕ್ಕೂ ಚಿಲಿಯದು. ಆಗ ಚಿಲಿ ಅಟ್ಲಾಂಟಿಕ್ ದೇಶವಾಗಿಬಿಡುತ್ತದೆ, ಅಂಟಾರ್ಕ್ಟಿಕಾದ ಹಾದಿಯೂ ಅದರ ಕೈಗೆ ಹೋಗುತ್ತದೆ ಎಂಬ ಭಯ ಬ್ಯೂನಸ್ ಐರಿಸ್‌ನಲ್ಲಿತ್ತು. ಜಗಳ ದ್ವೀಪದ ಹೆಸರಿನಲ್ಲಿ ನಡೆಯಿತು. ಅದರ ಹಿಂದಿನ ಆತಂಕ ಸಮುದ್ರದ್ದು.

ನ್ಯಾಯಮಂಡಳಿಯ ಸರಿಯಾದ ಉತ್ತರ

1971ರ ಜುಲೈ 22ರಂದು ಚಿಲಿಯ ಸಾಲ್ವಡಾರ್ ಅಯೆಂದೆ ಮತ್ತು ಅರ್ಜೆಂಟೀನಾದ ಅಲೆಹಾಂದ್ರೊ ಲಾನುಸೆ ಸರ್ಕಾರಗಳು ವಿವಾದವನ್ನು ಪಂಚ ತೀರ್ಪಿಗೆ ಒಪ್ಪಿಸಿದವು. ಹಳೆಯ 1902ರ ಒಪ್ಪಂದದಂತೆ ತೀರ್ಪುಗಾರ ಬ್ರಿಟನ್ ಸಿಂಹಾಸನ. ಆದರೆ ಫಾಕ್ಲೆಂಡ್ ದ್ವೀಪಗಳ ವಿಷಯದಲ್ಲಿ ಅರ್ಜೆಂಟೀನಾಕ್ಕೆ ಬ್ರಿಟನ್ ಜೊತೆಗೇ ತಕರಾರಿತ್ತು. ಅದಕ್ಕಾಗಿ ಒಂದು ಜಾಣ ಏರ್ಪಾಟು ಮಾಡಿಕೊಂಡರು. ತೀರ್ಮಾನಿಸುವವರು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಐವರು ನ್ಯಾಯಾಧೀಶರು. ಅಮೆರಿಕ, ಬ್ರಿಟನ್, ಫ್ರಾನ್ಸ್, ನೈಜೀರಿಯಾ, ಸ್ವೀಡನ್ ದೇಶಗಳವರು. ರಾಣಿ ಅವರ ತೀರ್ಮಾನವನ್ನು ಒಪ್ಪಬಹುದು ಅಥವಾ ತಿರಸ್ಕರಿಸಬಹುದು, ಒಂದಕ್ಷರವನ್ನೂ ತಿದ್ದುವಂತಿಲ್ಲ.

ನ್ಯಾಯಾಧೀಶರು ಕಾಲುವೆಯ ಮೇಲೆ ಹೋಗಿ ಜಾಗ ನೋಡಿದರು, ದಾಖಲೆಗಳ ರಾಶಿ ಓದಿದರು. ಕಾಲುವೆಯ ಉದ್ದಕ್ಕೂ ಗೆರೆ ಎಳೆದು ಅದರ ಉತ್ತರದ ಸಣ್ಣ ದ್ವೀಪಗಳನ್ನು ಅರ್ಜೆಂಟೀನಾಕ್ಕೂ, ಪಿಕ್ಟನ್, ಲೆನಾಕ್ಸ್, ನುಯೆವಾಗಳನ್ನು ಚಿಲಿಗೂ ಕೊಟ್ಟರು. ಜಾರಿಗೆ ಒಂಬತ್ತು ತಿಂಗಳ ಗಡುವಿತ್ತು. ಕಾನೂನಿನ ದೃಷ್ಟಿಯಿಂದ ಆ ತೀರ್ಪು ಗಟ್ಟಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. 1881ರ ಮಾತುಗಳನ್ನು ಅವು ಬರೆಯಲ್ಪಟ್ಟ ಕಾಲದ ಅರ್ಥದಲ್ಲಿ ಓದಿದ ತೀರ್ಪು ಅದು.

ಅದು ಸೋತದ್ದು ಬೇರೆಡೆ. ತೀರ್ಪು ಬರುವ ಹೊತ್ತಿಗೆ ಎರಡೂ ರಾಜಧಾನಿಗಳಲ್ಲಿ ಕುಳಿತವರೇ ಬದಲಾಗಿದ್ದರು. ಚಿಲಿಯಲ್ಲಿ 1973ರಿಂದ ಆಗುಸ್ಟೊ ಪಿನೊಶೆ, ಅರ್ಜೆಂಟೀನಾದಲ್ಲಿ 1976ರಿಂದ ಹೊರ್ಹೆ ವಿಡೆಲಾ ನೇತೃತ್ವದ ಸೇನಾ ಆಡಳಿತ. ಒಪ್ಪಂದಕ್ಕೆ ಕೈಹಾಕಿದ ಸರ್ಕಾರಗಳು ಹೋಗಿ, ನೆಲದ ಒಂದಂಗುಲ ಬಿಟ್ಟರೂ ತಮ್ಮ ಅಸ್ತಿತ್ವಕ್ಕೇ ಕುತ್ತು ಎಂದುಕೊಂಡ ಸೇನಾಧಿಕಾರಿಗಳು ಬಂದಿದ್ದರು. ತೀರ್ಪು ಕೇಳಿದ್ದು ದ್ವೀಪಗಳು ಮತ್ತು ಕಾಲುವೆಯ ಗೆರೆಯ ಬಗ್ಗೆ ಮಾತ್ರ. ಸಮುದ್ರದ ಆತಂಕಕ್ಕೆ ಅದರಲ್ಲಿ ಉತ್ತರವಿರಲಿಲ್ಲ, ಇರಬೇಕೆಂದು ಯಾರೂ ಕೇಳಿರಲೂ ಇಲ್ಲ. ಅದರ ಮೇಲೆ 1977ರ ಜುಲೈನಲ್ಲಿ ಚಿಲಿ ಕೇಪ್ ಹಾರ್ನ್‌ವರೆಗೆ ತನ್ನ ಹೊರದ್ವೀಪಗಳನ್ನು ಜೋಡಿಸಿ ಹೊಸ ಸಮುದ್ರ ಮೂಲರೇಖೆ, ಅಂದರೆ ಸಮುದ್ರದ ಹಕ್ಕನ್ನು ಅಳೆಯಲು ಹಿಡಿಯುವ ಗೆರೆ, ಘೋಷಿಸಿತು. ಅರ್ಜೆಂಟೀನಾದವರ ಭಯ ನಿಜವೆಂದು ತೋರಿಸಿಕೊಟ್ಟಂತಾಯಿತು. ಗೆದ್ದವನು ಅವಸರ ಮಾಡಿದ್ದು ಈ ಕಥೆಯಲ್ಲಿ ಕಡಿಮೆ ಮಾತಿಗೆ ಬರುವ ತಪ್ಪು. ನನಗೆ ಅದು ದೊಡ್ಡದಾಗಿಯೇ ಕಾಣುತ್ತದೆ.

1978ರ ಜನವರಿ 25ರಂದು ಅರ್ಜೆಂಟೀನಾ ತೀರ್ಪನ್ನು ಸರಿಪಡಿಸಲಾಗದಷ್ಟು ಅಸಿಂಧು ಎಂದು ಸಾರಿತು.

ಡಿಸೆಂಬರ್ 1978

ಮುಂದಿನ ಹನ್ನೊಂದು ತಿಂಗಳು ಇಬ್ಬರೂ ನೇರ ಮಾತುಕತೆ ನಡೆಸಿದರು. ಆ ವರ್ಷ ವಿಡೆಲಾ, ಪಿನೊಶೆ ಎರಡು ಸಲ ಮುಖಾಮುಖಿಯಾದರು. ಫೆಬ್ರುವರಿ 20ರ ಪೋರ್ಟೊ ಮಾಂಟ್ ಭೇಟಿಯಲ್ಲಿ ಜಂಟಿ ಸಮಿತಿಗಳಾದವು. ನವೆಂಬರ್ ಆರಂಭಕ್ಕೆ ಅವು ಬರಿಗೈಯಲ್ಲಿ ಮುಗಿದವು. ಈ ನಡುವೆ ಗಡಿಯುದ್ದಕ್ಕೂ ಸೇನೆ ಜಮಾಯಿಸಿತು. ಚಿಲಿಯ ಪರಿಸ್ಥಿತಿ ಇಕ್ಕಟ್ಟಿನದು: ಅಮೆರಿಕ ಶಸ್ತ್ರ ಮಾರಾಟ ನಿಲ್ಲಿಸಿತ್ತು, ಬೊಲಿವಿಯಾ ಆ ವರ್ಷದ ಮಾರ್ಚ್‌ನಲ್ಲಿ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತ್ತು, ಪೆರು ಹಳೆಯ ಯುದ್ಧದ ಸೋಲನ್ನು ಮರೆತಿರಲಿಲ್ಲ. ಚಿಲಿ ತನ್ನ ಗಡಿಗಳಲ್ಲಿ ನೆಲಬಾಂಬ್‌ಗಳನ್ನು ಹೂತಿತು. ಅವುಗಳನ್ನೆಲ್ಲ ತೆಗೆದು ಮುಗಿಸಿದ್ದಾಗಿ ಅದು ಘೋಷಿಸಿದ್ದು 2020ರಲ್ಲಿ.

ಡಿಸೆಂಬರ್ 12ರ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂದು ಚಿಲಿಯ ವಿದೇಶಾಂಗ ಸಚಿವ ಎರ್ನಾನ್ ಕುಬಿಯೊಸ್ ಬ್ಯೂನಸ್ ಐರಿಸ್‌ಗೆ ಬಂದರು. ಅರ್ಜೆಂಟೀನಾದ ಸಚಿವ ಕಾರ್ಲೊಸ್ ಪಾಸ್ಟರ್ ಜೊತೆ ಕುಳಿತು ಮಾತನಾಡಿದಾಗ ಒಂದು ಒಮ್ಮತ ಮೂಡಿತು: ಸಂಧಾನಕಾರರಾಗಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಕೋರುವುದು. ಕಾಗದ ಪತ್ರ ಸಿದ್ಧಪಡಿಸಿ ಸಹಿ ಹಾಕುವುದಷ್ಟೇ ಬಾಕಿ. ಅಷ್ಟರಲ್ಲಿ ಪಾಸ್ಟರ್ ವಾಪಸ್ ಬಂದು, ಸಹಿ ಹಾಕುವ ಅಧಿಕಾರ ತಮಗೆ ಉಳಿದಿಲ್ಲ ಎಂದರು. ಅಧ್ಯಕ್ಷ ವಿಡೆಲಾ ಒಪ್ಪಿದ್ದನ್ನು ಮೂರು ಪಡೆಗಳ ಮುಖ್ಯಸ್ಥರ ಕೂಟ ಒಪ್ಪಿರಲಿಲ್ಲ.

ಅರ್ಜೆಂಟೀನಾ ಯುದ್ಧಪಿಪಾಸು ದೇಶ ಎಂಬುದಕ್ಕೆ ಈ ಘಟನೆಯನ್ನು ಉದಾಹರಿಸುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಹೌದು ಎನ್ನುವ ಅಧಿಕಾರ ಅಲ್ಲಿ ಯಾರೊಬ್ಬರ ಕೈಯಲ್ಲೂ ಇರಲಿಲ್ಲ, ಬೇಡ ಎನ್ನುವ ಅಧಿಕಾರ ಹಲವರ ಕೈಯಲ್ಲಿತ್ತು. ಎದುರಿಗೆ ಪಿನೊಶೆ ಒಬ್ಬನೇ ತೀರ್ಮಾನಿಸುತ್ತಿದ್ದ. ಸಂಧಾನದ ಮೇಜಿಗೆ ಬರುವ ಮೊದಲೇ ಇಂಥ ಅಸಮತೋಲ ಇರುವಾಗ ಉತ್ತಮ ಪ್ರಸ್ತಾವವೂ ಬಾಗಿಲಲ್ಲೇ ಬೀಳುತ್ತದೆ. ಮುಂದಿನ ಐದು ವರ್ಷ ವ್ಯಾಟಿಕನ್‌ಗೆ ಎದುರಾದ ಅಡ್ಡಿಗಳಲ್ಲಿ ಬಹುಪಾಲು ಈ ಒಂದೇ ಮೂಲದವು.

ದ್ವೀಪಗಳನ್ನು ಬಲದಿಂದ ಹಿಡಿಯುವ ಯೋಜನೆಗೆ ಅರ್ಜೆಂಟೀನಾದ ಸೇನೆ ಇಟ್ಟ ಹೆಸರು 'ಆಪರೇಷನ್ ಸೊಬೆರಾನಿಯಾ', ಅಂದರೆ ಸಾರ್ವಭೌಮತ್ವದ ಕಾರ್ಯಾಚರಣೆ. ದಿನ ಡಿಸೆಂಬರ್ 22. ವಿಮಾನವಾಹಕ ನೌಕೆಯ ಸಮೇತ ಹಡಗುಗಳು ದಕ್ಷಿಣಕ್ಕೆ ಸಾಗಿದ್ದವು, ಚಿಲಿಯ ನೌಕಾಪಡೆಯೂ ಸಮುದ್ರಕ್ಕಿಳಿದಿತ್ತು. ಆ ದಿನಗಳಲ್ಲಿ ಕೇಪ್ ಹಾರ್ನ್ ಸುತ್ತಲ ಕಡಲು ಭಾರೀ ಬಿರುಗಾಳಿಗೆ ಸಿಕ್ಕಿ, ಹಡಗುಗಳ ಚಲನೆಯೇ ಕಷ್ಟವಾಯಿತು. ಅದೇ 22ರಂದು, ತಮ್ಮ ಪ್ರತಿನಿಧಿಯನ್ನು ಎರಡೂ ರಾಜಧಾನಿಗಳಿಗೆ ಕಳುಹಿಸುವ ನಿರ್ಧಾರವನ್ನು ಪೋಪ್ ತಿಳಿಸಿದರು. ಅರ್ಜೆಂಟೀನಾ ಒಪ್ಪಿತು. ಹಡಗುಗಳು ಹಿಂದಿರುಗಿದವು. ಯುದ್ಧವನ್ನು ನಿಲ್ಲಿಸಿದ್ದು ಬಿರುಗಾಳಿಯೋ ಪೋಪರ ಸಂದೇಶವೋ ಎಂಬ ಚರ್ಚೆ ಇನ್ನೂ ನಡೆಯುತ್ತದೆ. ಬಿರುಗಾಳಿ ಕೊಟ್ಟದ್ದು ಕೆಲವು ಗಂಟೆಗಳ ಬಿಡುವು. ಆ ಬಿಡುವಿಗೆ ಸರಿಯಾಗಿ ಹಿಂದೆ ಸರಿಯಲು ಮರ್ಯಾದೆಯ ದಾರಿಯೊಂದು ತೆರೆಯದಿದ್ದರೆ ಗಾಳಿ ನಿಂತ ಮೇಲೆ ಹಡಗುಗಳು ಮತ್ತೆ ಹೊರಡುತ್ತಿದ್ದವು.

ಮಾಂಟೆವಿಡಿಯೊದ ಒಂದು ವಾಕ್ಯ

ಪೋಪ್ ಕಳುಹಿಸಿದ್ದು ಕಾರ್ಡಿನಲ್ ಆಂಟೋನಿಯೊ ಸಮೊರೆ ಅವರನ್ನು. ಆಗಷ್ಟೇ 73 ತುಂಬಿದ್ದ ಇಟಲಿಯ ಹಿರಿಯ ರಾಜತಾಂತ್ರಿಕ. ಲ್ಯಾಟಿನ್ ಅಮೆರಿಕದಲ್ಲಿ ಕೆಲಸ ಮಾಡಿ ಆ ಜನರ ರೀತಿನೀತಿ ಬಲ್ಲವರು. ಡಿಸೆಂಬರ್ 26ಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಇಳಿದವರು ಎರಡು ವಾರ ಅಲ್ಲಿಂದ ಸಾಂತಿಯಾಗೊಗೆ, ಸಾಂತಿಯಾಗೊದಿಂದ ಅಲ್ಲಿಗೆ ಓಡಾಡಿದರು. ಸುರಂಗದ ತುದಿಯಲ್ಲಿ ಆಶೆಯ ಒಂದು ಸಣ್ಣ ಬೆಳಕು ಕಾಣುತ್ತಿದೆ ಎಂದು ಅವರು ಆ ದಿನಗಳಲ್ಲಿ ಹೇಳಿದ ಮಾತನ್ನು ಎರಡೂ ದೇಶಗಳ ಹಿರಿಯರು ಇಂದಿಗೂ ನೆನೆಯುತ್ತಾರೆ.

1979ರ ಜನವರಿ 8ರಂದು ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದ ತರಾಂಕೊ ಅರಮನೆಯಲ್ಲಿ ಪಾಸ್ಟರ್ ಮತ್ತು ಕುಬಿಯೊಸ್ ಸಹಿ ಹಾಕಿದರು. ಪೋಪ್ ಸಂಧಾನ ನಡೆಸಬೇಕೆಂಬ ಕೋರಿಕೆ ಅದರ ಮುಖ್ಯ ಭಾಗ. ಆದರೆ ಪ್ರಕರಣದ ತಿರುಳು ಇರುವುದು ಸಮೊರೆ ಸೇರಿಸಿದ ಷರತ್ತಿನಲ್ಲಿ. ಕೋರಿಕೆಯನ್ನು ಸ್ವೀಕರಿಸಬೇಕಾದರೆ ಎರಡೂ ದೇಶಗಳು ಮೂರು ಮಾತು ಕೊಡಬೇಕು ಎಂದು ಅವರು ಪಟ್ಟು ಹಿಡಿದರು. ಪರಸ್ಪರ ಬಲಪ್ರಯೋಗ ಮಾಡುವುದಿಲ್ಲ. 1977ರ ಆರಂಭದಲ್ಲಿದ್ದ ಸೈನಿಕ ಸ್ಥಿತಿಗೆ ಹಂತ ಹಂತವಾಗಿ ಮರಳುತ್ತೇವೆ. ಯಾವುದೇ ಕ್ಷೇತ್ರದಲ್ಲಿ ಸೌಹಾರ್ದ ಕದಡುವ ಹೆಜ್ಜೆ ಇಡುವುದಿಲ್ಲ.

ಆ ಎರಡನೆಯ ಮಾತನ್ನು ಗಮನಿಸಿ. ಸೇನೆ ಹಿಂದಕ್ಕೆ ಹೋಗಬೇಕು ಎಂದಷ್ಟೇ ಬರೆದಿದ್ದರೆ ಎಷ್ಟು ಹಿಂದಕ್ಕೆ ಎಂಬುದರ ಬಗ್ಗೆಯೇ ಇನ್ನೊಂದು ವರ್ಷ ಹಗ್ಗಜಗ್ಗಾಟವಾಗುತ್ತಿತ್ತು. 1977ರ ಆರಂಭ ಎಂದರೆ ತೀರ್ಪು ಪ್ರಕಟವಾಗುವುದಕ್ಕೂ ಮೊದಲಿನ ಕಾಲ. ಯಾರ ಗೆಲುವನ್ನೂ ಯಾರ ಸೋಲನ್ನೂ ಒಪ್ಪದ, ಇಬ್ಬರೂ ಅಳೆದು ನೋಡಬಹುದಾದ ಗುರುತು ಅದು. ದ್ವೀಪಗಳ ಬಗ್ಗೆ ಚಕಾರವೆತ್ತದೆ ಬಂದೂಕುಗಳನ್ನು ಮಾತ್ರ ಕೆಳಗಿಡಿಸಿದ ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ವಿವಾದ ಬಗೆಹರಿಯುವವರೆಗೆ ಯುದ್ಧವಿಲ್ಲ ಎಂಬ ಸ್ಥಿತಿಯನ್ನು ಮೊದಲು ಗಟ್ಟಿಮಾಡಿಕೊಂಡದ್ದರಿಂದಲೇ ಮುಂದೆ ವರ್ಷಗಟ್ಟಲೆ ಕಾಯಲು ಸಾಧ್ಯವಾಯಿತು.

ಒಂದು ಸಹಜ ಪ್ರಶ್ನೆ: ಸೈನ್ಯವಿಲ್ಲದ, ಹಣದ ಆಮಿಷ ಒಡ್ಡಲಾಗದ ವ್ಯಾಟಿಕನ್ ಮಾತನ್ನು ಸೇನಾಡಳಿತಗಾರರು ಏಕೆ ಕೇಳಿದರು? ಎರಡೂ ದೇಶಗಳ ಬಹುಸಂಖ್ಯಾತರು ಕ್ಯಾಥೊಲಿಕರು. ಎರಡೂ ಆಡಳಿತಗಳು ತಮ್ಮನ್ನು ಕ್ರೈಸ್ತ ನಾಗರಿಕತೆಯ ಕಾವಲುಗಾರರೆಂದು ಬಣ್ಣಿಸಿಕೊಂಡು, ಅದೇ ಹೆಸರಿನಲ್ಲಿ ಸ್ವಂತ ಜನರನ್ನು ಜೈಲಿಗೆ ತಳ್ಳಿದ್ದವು, ಕಣ್ಮರೆ ಮಾಡಿದ್ದವು. ಅಂಥವರು ಅಮೆರಿಕಕ್ಕೆ ಬೇಡ ಎನ್ನಬಹುದಿತ್ತು, ವಿಶ್ವಸಂಸ್ಥೆಗೆ ಬೇಡ ಎನ್ನಬಹುದಿತ್ತು, ಪೋಪ್‌ಗೆ ಬಹಿರಂಗವಾಗಿ ಬೇಡ ಎನ್ನುವಂತಿರಲಿಲ್ಲ. ಆ ಆಡಳಿತಗಳ ಕ್ರೌರ್ಯದ ಲೆಕ್ಕ ಬೇರೆಯೇ ಇದೆ, ಈ ಸಂಧಾನ ಅದನ್ನು ತೊಳೆಯುವುದಿಲ್ಲ. ಆದರೂ ಯುದ್ಧವಾಗಿದ್ದರೆ ಸಾಯುತ್ತಿದ್ದವರು ಆ ಜನರಲ್‌ಗಳಲ್ಲ. ಕಡ್ಡಾಯ ಸೇವೆಗೆ ಎಳೆತಂದ ಹದಿಹರೆಯದ ಹುಡುಗರು.

ಪ್ರಸ್ತಾವ ಮತ್ತು ಮೌನ

1979ರ ಮೇ ತಿಂಗಳಲ್ಲಿ ವ್ಯಾಟಿಕನ್‌ನಲ್ಲಿ ಕೆಲಸ ಆರಂಭವಾಯಿತು. ಸಮೊರೆ ಎರಡೂ ನಿಯೋಗಗಳನ್ನು ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಕರೆದು ಮಾತನಾಡಿಸುತ್ತಿದ್ದರು. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಸಂಧಾನಕಾರನ ಮೂಲಕವೇ, ಅವರ ಅನುಮತಿಯ ಮೇಲೆಯೇ ಹೋಗಬೇಕು. ಸೆಪ್ಟೆಂಬರ್‌ನಲ್ಲಿ ನಿಯೋಗಗಳನ್ನು ಭೇಟಿಯಾದ ಪೋಪ್, ಮೊದಲು ಒಮ್ಮತವಿರುವ ವಿಷಯಗಳನ್ನು ಹುಡುಕಿ ಎಂದು ಸಲಹೆ ಕೊಟ್ಟರು. ದ್ವೀಪಗಳು ಯಾರವು ಎಂಬುದನ್ನು ಬದಿಗಿರಿಸಿ ನೌಕಾಯಾನ, ಮೀನುಗಾರಿಕೆ, ಆರ್ಥಿಕ ಸಹಕಾರಗಳ ಬಗ್ಗೆ ತಿಂಗಳುಗಟ್ಟಲೆ ಮಾತು ನಡೆಯಿತು. ದ್ವೀಪದ ಒಡೆತನವನ್ನೂ ಸಮುದ್ರದ ಹಕ್ಕನ್ನೂ ಒಂದರಿಂದೊಂದು ಬಿಡಿಸಿ ನೋಡಬಹುದೆಂಬುದು ಈ ನಿಧಾನಗತಿಯ ಮಾತುಗಳಲ್ಲೇ ಸ್ಪಷ್ಟವಾಯಿತು. ನ್ಯಾಯಮಂಡಳಿಗೆ ಆ ಸ್ವಾತಂತ್ರ್ಯವಿರಲಿಲ್ಲ; ಸಂಧಾನಕಾರನಿಗಿತ್ತು.

1980ರ ಡಿಸೆಂಬರ್ 12ರಂದು ಪೋಪ್ ತಮ್ಮ ಪ್ರಸ್ತಾವವನ್ನು ಎರಡೂ ಕಡೆಗೆ ಗುಟ್ಟಾಗಿ ಕೊಟ್ಟರು. ದ್ವೀಪಗಳು ಚಿಲಿಗೆ. ಅವುಗಳ ಸುತ್ತ ಚಿಲಿಗೆ ಕಿರಿದಾದ ಸಮುದ್ರ ಮಾತ್ರ. ಅದರಾಚೆಗೆ ಎರಡೂ ದೇಶಗಳು ಸಂಪನ್ಮೂಲ ಹಂಚಿಕೊಳ್ಳುವ, 'ಶಾಂತಿಯ ಸಮುದ್ರ' ಎಂದು ಕರೆದ ವಲಯ. ದ್ವೀಪಗಳಲ್ಲಿ ಅರ್ಜೆಂಟೀನಾಕ್ಕೆ ಕೆಲವು ಸೀಮಿತ ಸೌಲಭ್ಯಗಳು. ಚಿಲಿ ಕೆಲವೇ ವಾರಗಳಲ್ಲಿ ಒಪ್ಪಿತು. ಅರ್ಜೆಂಟೀನಾ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಸಂದೇಹಗಳನ್ನು ಬರೆದು ಕಳುಹಿಸಿತು.

ಮುಂದಿನ ಎರಡು ವರ್ಷಗಳು ಕೆಟ್ಟವು. 1981ರ ಏಪ್ರಿಲ್‌ನಲ್ಲಿ ಅರ್ಜೆಂಟೀನಾದ ಸೇನಾಧಿಕಾರಿಗಳನ್ನು ಚಿಲಿ ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಿತು, ಅರ್ಜೆಂಟೀನಾ ಇಡೀ ಗಡಿಯನ್ನೇ ಮುಚ್ಚಿತು. ವಿಡೆಲಾ ಹೋಗಿ ವಿಯೊಲಾ, ವಿಯೊಲಾ ಹೋಗಿ ಗಾಲ್ಟಿಯೆರಿ ಬಂದರು. 1982ರ ಜನವರಿಯಲ್ಲಿ, ವಿವಾದಗಳನ್ನು ನ್ಯಾಯಾಲಯಕ್ಕೆ ಒಯ್ಯಲು ಅವಕಾಶವಿದ್ದ 1972ರ ಒಪ್ಪಂದದಿಂದ ಹೊರಬರುವುದಾಗಿ ಅರ್ಜೆಂಟೀನಾ ನೋಟಿಸ್ ಕೊಟ್ಟಿತು. ಆ ಒಪ್ಪಂದವೂ ಇಲ್ಲವಾದರೆ ಸಂಧಾನ ಮುರಿದ ದಿನ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ವ್ಯಾಟಿಕನ್ ಮೂಲಪ್ರಶ್ನೆಯನ್ನು ಅಲ್ಲೇ ಬಿಟ್ಟು, ಇದೊಂದನ್ನು ಉಳಿಸಿಕೊಳ್ಳಲು ತಿಂಗಳುಗಟ್ಟಲೆ ಹೆಣಗಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳು ಅದರ ಅವಧಿಯನ್ನು ವಿಸ್ತರಿಸಲು ಒಪ್ಪಿದವು. ಹೊರಗಿನಿಂದ ನೋಡಿದವರಿಗೆ ಏನೂ ನಡೆಯುತ್ತಿಲ್ಲ ಎನಿಸಿರಬೇಕು. ಕುಸಿಯುತ್ತಿರುವ ಮನೆಯಲ್ಲಿ ಒಂದು ಕಂಬವನ್ನಾದರೂ ಬೀಳದಂತೆ ಹಿಡಿದು ನಿಲ್ಲುವ ಕೆಲಸ ಅದು. 1983ರ ಫೆಬ್ರುವರಿ 3ರಂದು ಸಮೊರೆ ತೀರಿಕೊಂಡರು. ಅಂತಿಮ ಒಪ್ಪಂದವನ್ನು ಅವರು ಕಾಣಲಿಲ್ಲ.

ಸೋಲು ಮತ್ತು ಚುನಾವಣೆ

ಎಲ್ಲವನ್ನೂ ಬದಲಿಸಿದ್ದು ಸಂಧಾನದ ಕೊಠಡಿಯ ಹೊರಗೆ ನಡೆದ ಘಟನೆ. 1982ರ ಏಪ್ರಿಲ್ 2ರಂದು ಅರ್ಜೆಂಟೀನಾ ಫಾಕ್ಲೆಂಡ್ ದ್ವೀಪಗಳನ್ನು ಆಕ್ರಮಿಸಿತು, ಜೂನ್ 14ರಂದು ಬ್ರಿಟನ್‌ಗೆ ಶರಣಾಯಿತು. ಚಿಲಿ ಆ ಯುದ್ಧದಲ್ಲಿ ಒಳಗಿಂದೊಳಗೆ ಬ್ರಿಟನ್‌ಗೆ ನೆರವಾಯಿತು. ಇದರಿಂದ ಹಗೆ ಇನ್ನಷ್ಟು ಹೆಚ್ಚಬೇಕಿತ್ತು. ಆದರೆ ಸೋಲು ಸೇನಾಡಳಿತದ ಬೆನ್ನುಮೂಳೆಯನ್ನೇ ಮುರಿಯಿತು, ದ್ವೀಪಕ್ಕಾಗಿ ಯುದ್ಧ ಎಂದರೆ ಏನೆಂದು ಅರ್ಜೆಂಟೀನಾದ ಮನೆಮನೆಗೂ ಗೊತ್ತಾಯಿತು. 1983ರ ಡಿಸೆಂಬರ್ 10ರಂದು ಚುನಾಯಿತ ಅಧ್ಯಕ್ಷ ರಾಲ್ ಅಲ್ಫೊನ್ಸಿನ್ ಅಧಿಕಾರ ವಹಿಸಿಕೊಂಡರು. ಆರು ವಾರಗಳಲ್ಲಿ, ಅಂದರೆ 1984ರ ಜನವರಿ 23ರಂದು, ಎರಡೂ ದೇಶಗಳು ವ್ಯಾಟಿಕನ್‌ನಲ್ಲಿ ಶಾಂತಿ ಮತ್ತು ಸ್ನೇಹದ ಜಂಟಿ ಘೋಷಣೆಗೆ ಸಹಿ ಹಾಕಿದವು. ಸಮೊರೆ ನಂತರ ಕೆಲಸದ ಹೊಣೆ ವ್ಯಾಟಿಕನ್ ರಾಜ್ಯ ಕಾರ್ಯದರ್ಶಿ ಕಾರ್ಡಿನಲ್ ಅಗೊಸ್ತಿನೊ ಕಸರೊಲಿ ಅವರ ಮೇಲಿತ್ತು.

ಹಾಗಾದರೆ ಒಪ್ಪಂದ ತಂದದ್ದು ಯುದ್ಧದ ಸೋಲೇ ಹೊರತು ಸಂಧಾನವಲ್ಲ ಎನ್ನುವ ವಾದವಿದೆ. ಇದರಲ್ಲಿ ಅರ್ಧ ಸತ್ಯವಿದೆ. ಅಲ್ಫೊನ್ಸಿನ್ ಇಲ್ಲದೆ ಸಹಿ ಆಗುತ್ತಿರಲಿಲ್ಲ. ಆದರೆ ಅವರು ಬರುವ ಹೊತ್ತಿಗೆ ಮೇಜಿನ ಮೇಲೆ ಏನಿತ್ತು ಎಂಬುದನ್ನೂ ಕೇಳಬೇಕು. ಎರಡು ದೇಶಗಳ ನಡುವೆ ಯುದ್ಧವಾಗದ ಐದು ವರ್ಷಗಳಿದ್ದವು. ಎರಡೂ ಕಡೆಯವರು ನಂಬುವ ಮೂರನೆಯವರಿದ್ದರು. ಹೊಸ ಪ್ರಜಾಸತ್ತಾತ್ಮಕ ಸರ್ಕಾರ ಮೊದಲಿನಿಂದ ಆರಂಭಿಸಬೇಕಾಗಿರಲಿಲ್ಲ. ಪಿನೊಶೆಗೆ ತಲೆಬಾಗಿದ ಅಪವಾದವನ್ನೂ ಹೊರಬೇಕಾಗಿರಲಿಲ್ಲ, ಏಕೆಂದರೆ ಅದು ಒಪ್ಪುತ್ತಿದ್ದದ್ದು ಪೋಪರ ಮಾತಿಗೆ.

ಅಲ್ಫೊನ್ಸಿನ್ ಮಾಡಿದ ಇನ್ನೊಂದು ಕೆಲಸ ನನಗೆ ಈ ಪ್ರಕರಣದ ಅತ್ಯಂತ ಧೈರ್ಯದ ಹೆಜ್ಜೆಯಾಗಿ ಕಾಣುತ್ತದೆ. ಒಪ್ಪಂದಕ್ಕೆ ಸಂಸತ್ತಿನ ಅನುಮೋದನೆ ಬೇಕಿತ್ತು, ಸೆನೆಟ್‌ನಲ್ಲಿ ಅವರಿಗೆ ಬಹುಮತವಿರಲಿಲ್ಲ. ಅವರು ನೇರ ಜನರ ಬಳಿಗೆ ಹೋದರು. 1984ರ ನವೆಂಬರ್ 25ರ ಜನಾಭಿಪ್ರಾಯ ಸಂಗ್ರಹ ಕಾನೂನಿನ ಪ್ರಕಾರ ಯಾರನ್ನೂ ಕಟ್ಟಿಹಾಕುವಂಥದ್ದಲ್ಲ, ಮತದಾನ ಕಡ್ಡಾಯವೂ ಅಲ್ಲ. ಅದಕ್ಕೆ ಹತ್ತು ದಿನ ಮೊದಲು ವಿದೇಶಾಂಗ ಸಚಿವ ದಾಂತೆ ಕಪುಟೊ ಮತ್ತು ಒಪ್ಪಂದವನ್ನು ವಿರೋಧಿಸಿದ, ಮುಖ್ಯ ವಿರೋಧ ಪಕ್ಷವಾದ ಪೆರೊನಿಸ್ಟ್ ಪಕ್ಷದ ಸೆನೆಟರ್ ವಿಸೆಂತೆ ಸಾದಿ ದೂರದರ್ಶನದಲ್ಲಿ ಎದುರುಬದುರಾಗಿ ವಾದಿಸಿದರು. ನಕ್ಷೆ, ಮೈಲಿ, ರೇಖಾಂಶಗಳ ಮಾತನ್ನು ಇಡೀ ದೇಶ ಕುಳಿತು ಕೇಳಿತು. ವರ್ಷಗಟ್ಟಲೆ ಗುಟ್ಟಿನಲ್ಲಿ ನಡೆದ ಸಂಧಾನ ಕೊನೆಗೆ ಬಯಲಿಗೆ ಬಂದು ನಿಂತಿತು. ಪೆರೊನಿಸ್ಟ್ ನಾಯಕತ್ವ ಮತದಾನದಿಂದ ದೂರವಿರಿ ಎಂದಿತು. ಆದರೂ ಮತದಾರರಲ್ಲಿ ಸುಮಾರು ಶೇ 70ರಷ್ಟು ಮಂದಿ ಬಂದರು.

ಅಷ್ಟಾದ ಮೇಲೂ 1985ರ ಮಾರ್ಚ್‌ನಲ್ಲಿ ಸೆನೆಟ್ ಒಪ್ಪಂದವನ್ನು ಅಂಗೀಕರಿಸಿದ್ದು 23ಕ್ಕೆ 22 ಮತಗಳಿಂದ, ಒಬ್ಬರು ತಟಸ್ಥರು. ಜನರ ಧ್ವನಿ ಬೆನ್ನಿಗಿಲ್ಲದಿದ್ದರೆ ಆ ಒಂದು ಮತ ಎಲ್ಲಿಂದ ಬರುತ್ತಿತ್ತು? ಚಿಲಿಯಲ್ಲಿ ಜನರನ್ನು ಯಾರೂ ಕೇಳಲಿಲ್ಲ. ಪಿನೊಶೆ ಆಡಳಿತವೇ ಒಪ್ಪಿ ಮುಗಿಸಿತು. 1985ರ ಮೇ 2ರಂದು ವ್ಯಾಟಿಕನ್‌ನಲ್ಲಿ ಅಂಗೀಕಾರ ಪತ್ರಗಳು ವಿನಿಮಯವಾದವು.

ಕೊಟ್ಟದ್ದೆಷ್ಟು, ಪಡೆದದ್ದೆಷ್ಟು

ಒಪ್ಪಂದದಲ್ಲಿ ದ್ವೀಪಗಳು ಚಿಲಿಯವು. ಸಮುದ್ರದ ಗೆರೆ ಮಾತ್ರ ದ್ವೀಪಗಳನ್ನು ಸುತ್ತಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೇಪ್ ಹಾರ್ನ್‌ನ 67°16' ಪಶ್ಚಿಮ ರೇಖಾಂಶ ಹಿಡಿದು ದಕ್ಷಿಣಕ್ಕೆ ಹೋಗುತ್ತದೆ. ಅದರ ಪೂರ್ವದ ಸಮುದ್ರ ಅರ್ಜೆಂಟೀನಾದ್ದು. ಅಟ್ಲಾಂಟಿಕ್ ನಮ್ಮದು ಎಂಬ ನಂಬಿಕೆಗೆ ಅಲ್ಲಿ ಗೌರವ ಸಿಕ್ಕಿತು. ಚಿಲಿ ತನ್ನ ದ್ವೀಪಗಳ ಆಧಾರದ ಮೇಲೆ ಕೇಳಬಹುದಾಗಿದ್ದ ಸಮುದ್ರದ ಬಹುಪಾಲನ್ನು ಬಿಟ್ಟುಕೊಟ್ಟಿತು. ಟಿಯೆರಾ ಡೆಲ್ ಫ್ಯೂಗೊದ ಉತ್ತರಕ್ಕಿರುವ ಮೆಗೆಲನ್ ಜಲಸಂಧಿಯ ಪೂರ್ವದ ಬಾಯಿಯನ್ನೂ ಎರಡು ಭೂಶಿರಗಳ ನಡುವಿನ ನೇರ ಗೆರೆಯಿಂದ ಇತ್ಯರ್ಥಪಡಿಸಿದರು. ಮೆಗೆಲನ್‌ನಿಂದ ಬೀಗಲ್ ಕಡೆಗೆ ಹೋಗುವ ಅರ್ಜೆಂಟೀನಾದ ಹಡಗುಗಳು ಚಿಲಿಯ ಒಳಸಮುದ್ರದಲ್ಲಿ ಚಿಲಿಯ ಮಾರ್ಗದರ್ಶಿ ನಾವಿಕನನ್ನು ಹತ್ತಿಸಿಕೊಂಡು ಸಾಗಬಹುದು.

ಒಂದು ಕಲಮನ್ನು ಮಾತ್ರ ಬಿಡಿಸಿ ಹೇಳಬೇಕು. ಕೇಪ್ ಹಾರ್ನ್‌ನಿಂದ ಟಿಯೆರಾ ಡೆಲ್ ಫ್ಯೂಗೊದ ಪೂರ್ವಕ್ಕಿರುವ ಅರ್ಜೆಂಟೀನಾದ ಸ್ಟೇಟನ್ ದ್ವೀಪದ ಪೂರ್ವತುದಿಯವರೆಗಿನ ಪ್ರದೇಶದಲ್ಲಿ ಎರಡು ದೇಶಗಳ ಪರಸ್ಪರ ಸಂಬಂಧದ ಮಟ್ಟಿಗೆ ಪ್ರಾದೇಶಿಕ ಸಮುದ್ರದ, ಅಂದರೆ ದಡಕ್ಕೆ ಹೊಂದಿದ ಸ್ವಂತ ಒಡೆತನದ ಸಮುದ್ರದ, ಪರಿಣಾಮ 3 ನಾಟಿಕಲ್ ಮೈಲಿಗೆ ಸೀಮಿತ. ಬೇರೆ ಯಾವುದೇ ದೇಶದ ಎದುರು ಅಂತಾರಾಷ್ಟ್ರೀಯ ಕಾನೂನು ಕೊಡುವ ಪೂರ್ಣ ಅಗಲವನ್ನೇ ಇಬ್ಬರೂ ಕೇಳಬಹುದು. ಅಂದರೆ ಲೋಕದ ಮುಂದೆ ಚಿಲಿ ಏನನ್ನೂ ಕಳೆದುಕೊಳ್ಳಲಿಲ್ಲ, ನೆರೆಯವನ ಮುಂದೆ ಮಾತ್ರ ಮೈ ಕಿರಿದು ಮಾಡಿಕೊಂಡಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಕಾನೂನು ರೂಪವನ್ನು ನಾನು ಕಂಡಿಲ್ಲ.

1980ರ ಪ್ರಸ್ತಾವದಲ್ಲಿದ್ದ ಎರಡು ಅಂಶಗಳು ಅಂತಿಮ ಒಪ್ಪಂದದಲ್ಲಿ ಇಲ್ಲ: ಹಂಚಿಕೊಂಡ ಸಮುದ್ರ ವಲಯ ಮತ್ತು ದ್ವೀಪಗಳ ಮೇಲಿನ ಅರ್ಜೆಂಟೀನಾದ ಸೌಲಭ್ಯಗಳು. ಕೇಳಲು ಚೆಂದವಾದ 'ಶಾಂತಿಯ ಸಮುದ್ರ' ಹೋಗಿ ಸ್ಪಷ್ಟವಾದ ಒಂದು ಗೆರೆ ಉಳಿಯಿತು. ನಂಬಿಕೆ ಇನ್ನೂ ಬೆಳೆಯದ ನೆರೆಯವರ ನಡುವೆ ಜಂಟಿ ವಲಯ ಎಂದರೆ ದಿನಬೆಳಗಾದರೆ ಹೊಸ ತಕರಾರು. ಮೊದಲು ಬೇಲಿ, ಆಮೇಲೆ ಬಳಕೆ ಎಂಬ ಕ್ರಮ ಇಲ್ಲಿ ಸರಿಯಾಗಿಯೇ ಕೆಲಸ ಮಾಡಿತು. ಸಂಧಾನಕಾರ ತನ್ನ ಪ್ರಸ್ತಾವಕ್ಕೇ ಅಂಟಿಕೊಂಡು ಕೂರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪೋಪರೇ ಬರೆದುಕೊಟ್ಟದ್ದನ್ನು ನಾಲ್ಕು ವರ್ಷಗಳ ನಂತರ ತಿದ್ದಲು ಬಿಟ್ಟದ್ದು ಸಣ್ಣ ವಿಷಯವಲ್ಲ.

ಮುಂದಿನ ತಕರಾರುಗಳಿಗೂ ಒಪ್ಪಂದದಲ್ಲೇ ದಾರಿಯಿದೆ: ಮೊದಲು ನೇರ ಮಾತು, ಆಮೇಲೆ ರಾಜಿ ಆಯೋಗ, ಕೊನೆಗೆ ಕಟ್ಟುಪಾಡಿನ ನ್ಯಾಯಮಂಡಳಿ. 1991ರಲ್ಲಿ ಎರಡೂ ದೇಶಗಳು ಉಳಿದ ಗಡಿ ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಂಡವು. ಲಗುನಾ ಡೆಲ್ ಡೆಸಿಯೆರ್ತೊ ಪ್ರದೇಶದ ವಿವಾದ ಲ್ಯಾಟಿನ್ ಅಮೆರಿಕದ ನ್ಯಾಯಾಧೀಶರ ಮಂಡಳಿಗೆ ಹೋಗಿ, 1994ರಲ್ಲಿ ತೀರ್ಪು ಅರ್ಜೆಂಟೀನಾದ ಪರವಾಯಿತು. ಈ ಸಲ ಸೋತದ್ದು ಚಿಲಿ. ಅಸಮಾಧಾನ ವ್ಯಕ್ತವಾಯಿತು, ತಕರಾರು ಅರ್ಜಿ ಹೋಯಿತು, ಕೊನೆಗೆ ಚಿಲಿ ತೀರ್ಪನ್ನು ಪಾಲಿಸಿತು. ಹದಿನೇಳು ವರ್ಷಗಳ ಹಿಂದೆ ಆಗದಿದ್ದದ್ದು ಈಗ ಆಯಿತು.

ದಕ್ಷಿಣ ಪ್ಯಾಟಗೋನಿಯಾದ ಹಿಮಪ್ರದೇಶದಲ್ಲಿ ಗಡಿಯ ಒಂದು ತುಂಡು 1998ರ ಒಪ್ಪಂದದ ನಂತರವೂ ನಕ್ಷೆಯಲ್ಲಿ ಗೆರೆ ಕಾಣದೆ ಉಳಿದಿದೆ. 2021ರ ಆಗಸ್ಟ್‌ನಲ್ಲಿ ಚಿಲಿ ತನ್ನ ಭೂಖಂಡದಂಚಿನ ಸಮುದ್ರತಳವನ್ನು 67°16' ರೇಖಾಂಶದ ಪೂರ್ವಕ್ಕೂ ವಿಸ್ತರಿಸಿ ತೋರಿಸುವ ನಕ್ಷೆ ಪ್ರಕಟಿಸಿತು. 1984ರ ಒಪ್ಪಂದ ಎಳೆದ ಗೆರೆ ಮುಗಿಯುವ ಬಿಂದುವಿನ ಆಚೆಯ, ಅರ್ಜೆಂಟೀನಾ ತನ್ನದೆನ್ನುವ ಸಮುದ್ರತಳ ಅದು. ಅರ್ಜೆಂಟೀನಾದ ವಿದೇಶಾಂಗ ಸಚಿವಾಲಯ ಅದನ್ನು ತಿರಸ್ಕರಿಸಿ ಹೇಳಿಕೆ ಹೊರಡಿಸಿತು, ಒಪ್ಪಂದದ ಕಲಮುಗಳನ್ನೇ ಮುಂದಿಟ್ಟಿತು. ಚಿಲಿಯೂ ಅದೇ ಒಪ್ಪಂದವನ್ನು ಉಲ್ಲೇಖಿಸಿ, ಮಾತುಕತೆಗೆ ಸಿದ್ಧವೆಂದು ಉತ್ತರಿಸಿತು. ತಕರಾರು ಇನ್ನೂ ತೀರಿಲ್ಲ. ಯಾವ ಹಡಗೂ ಹೊರಟಿಲ್ಲ.